ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶಗಳಿಗೆ ಇತ್ತೀಚಿನ ತಂತ್ರಜ್ಞಾನ ಸುದ್ದಿ ಒದಗಿಸುವ ಉಪಕರಣ: ಸಾರ್ವಜನಿಕ ಮಾಹಿತಿ

ಪೀಠಿಕೆ

ಆನ್‌ಲೈನ್ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಹಲವರು ತಮ್ಮ ಗಣಕಯಂತ್ರ, ಬ್ರೌಸರ್ ಅಥವಾ ಮೊಬೈಲ್‌ಗೆ ಸಂಬಂಧಿಸಿದ ಸಂದೇಹಗಳನ್ನು ಈಗ ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶಗಳಲ್ಲಿ ಕೇಳುತ್ತಿದ್ದಾರೆ. ಇಂತಹ ತಂತ್ರಾಂಶದ ಹಿಂದಿರುವ ಭಾಷಾ ಮಾದರಿಯು ಒಂದು ನಿರ್ದಿಷ್ಟ ದಿನಾಂಕದವರೆಗಿನ ಪಠ್ಯದಿಂದ ಮಾತ್ರ ತರಬೇತಿ ಪಡೆದಿರುತ್ತದೆ. ನವೆಂಬರ್ 2022ರಲ್ಲಿ ಸಾರ್ವಜನಿಕರಿಗೆ ಲಭ್ಯವಾದ ಚಾಟ್‌ಜಿಪಿಟಿಯ ತಿಳಿವಳಿಕೆಯು ಸೆಪ್ಟೆಂಬರ್ 2021ಕ್ಕೆ ನಿಂತಿತ್ತು. ಆ ದಿನಾಂಕದ ನಂತರದ ಸಂಗತಿಗಳನ್ನು ಹೊರಗಿನಿಂದ ತಂದುಕೊಡಲು ಪ್ರತ್ಯೇಕ ಉಪಕರಣವೊಂದರ ಅವಶ್ಯಕತೆಯಿದೆ. ಸದರಿ ಉಪಕರಣವನ್ನು ರಚಿಸುವವರಿಗೂ ಅದರ ಉತ್ತರವನ್ನು ನೆಚ್ಚಿ ತೀರ್ಮಾನ ಕೈಗೊಳ್ಳುವ ಅರ್ಜಿದಾರರಿಗೂ ಉಪಯುಕ್ತವಾಗುವ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಹಳೆಯ ಸುದ್ದಿಯಿಂದಾಗುವ ನಷ್ಟ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಕೊನೆಗೊಂಡಿತು. ಈ ದಿನಾಂಕವು ಬಹು ಮುಂಚಿತವಾಗಿಯೇ ಪ್ರಕಟವಾಗಿತ್ತು. ಗೃಹಬಳಕೆದಾರರು 30 ಡಾಲರ್ ಪಾವತಿಸಿ ಇನ್ನೊಂದು ವರ್ಷ ಸುರಕ್ಷತಾ ಪರಿಷ್ಕರಣೆಗಳನ್ನು ಪಡೆಯಬಹುದೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಅಕ್ಟೋಬರ್ 2024ರಲ್ಲಿ ತಿಳಿಸಿತು. ಜೂನ್ 2025ರಲ್ಲಿ, ಕೆಲವು ಷರತ್ತುಗಳಿಗೆ ಒಳಪಟ್ಟು ಹಣ ಪಾವತಿಸದೆಯೂ ಈ ಸೌಲಭ್ಯ ಪಡೆಯುವ ಮಾರ್ಗಗಳನ್ನು ಪ್ರಕಟಿಸಿತು. ಅಕ್ಟೋಬರ್ 2024ಕ್ಕೆ ಮುಂಚಿನ ಲೇಖನವನ್ನಷ್ಟೇ ಬಲ್ಲ ಸಹಾಯಕವು ಹೊಸ ಗಣಕಯಂತ್ರ ಕೊಳ್ಳುವಂತೆ ಸಲಹೆ ನೀಡೀತು. ನಡುವಿನ ಸುದ್ದಿಯನ್ನು ಓದಿದ್ದು ಹಣ ಕಟ್ಟಲು ಹೇಳೀತು. ಮೂರನೆಯದನ್ನು ಓದಿದ್ದಲ್ಲಿ ಮಾತ್ರ ಅರ್ಜಿದಾರರ ಹಣ ಉಳಿಯುತ್ತಿತ್ತು. ಮೂರೂ ಸುದ್ದಿಗಳು ಪ್ರಕಟವಾದ ದಿನ ಸತ್ಯವೇ ಆಗಿದ್ದವು ಎಂಬುದು ಗಮನಾರ್ಹ. ಆದ್ದರಿಂದ ಸುದ್ದಿಯನ್ನು ತರುವುದಷ್ಟೇ ಉಪಕರಣದ ಕರ್ತವ್ಯವಲ್ಲ. ಸುದ್ದಿಯ ದಿನಾಂಕವನ್ನು ಅದಕ್ಕೆ ಅಂಟಿಸಿಯೇ ತರತಕ್ಕದ್ದು.

ಉಪಕರಣದ ರಚನೆ

ಸಹಾಯಕ ತಂತ್ರಾಂಶ ಮತ್ತು ಹೊರಗಿನ ಉಪಕರಣಗಳ ನಡುವಿನ ಸಂವಹನಕ್ಕಾಗಿ ಆಂಥ್ರೋಪಿಕ್ ಸಂಸ್ಥೆಯು ನವೆಂಬರ್ 2024ರಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ, ಎಂಬ ಮುಕ್ತ ಮಾನಕವನ್ನು ಪ್ರಕಟಿಸಿತು. ಇದರನ್ವಯ ಉಪಕರಣವು ಒಂದು ಚಿಕ್ಕ ಸರ್ವರ್ ಆಗಿದ್ದು, ತನ್ನ ಹೆಸರು, ತನ್ನ ಕಾರ್ಯದ ವಿವರಣೆ ಹಾಗೂ ತನಗೆ ಬೇಕಾದ ವಿವರಗಳ ನಮೂನೆಯನ್ನು ಸಹಾಯಕಕ್ಕೆ ತಿಳಿಸುತ್ತದೆ. ಸಂದೇಶಗಳು ಜೆಸನ್-ಆರ್‌ಪಿಸಿ 2.0 ರೂಪದಲ್ಲಿರುತ್ತವೆ. ಕಾರ್ಯದ ವಿವರಣೆಯನ್ನು ಓದುವವರು ಮನುಷ್ಯರಷ್ಟೇ ಅಲ್ಲ. ಅದನ್ನು ಓದಿಯೇ ಮಾದರಿಯು ಉಪಕರಣವನ್ನು ಯಾವಾಗ ಕರೆಯಬೇಕೆಂದು ನಿರ್ಧರಿಸುತ್ತದೆ. ‘ಸುದ್ದಿ ತರುತ್ತದೆ’ ಎಂದಷ್ಟೇ ಬರೆಯುವ ಬದಲು, ಯಾವ ವಿಷಯದ, ಎಷ್ಟು ದಿನಗಳ ಒಳಗಿನ, ಯಾವ ಮೂಲಗಳ ಸುದ್ದಿ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಸರ್ವರ್ ಅದೇ ಗಣಕಯಂತ್ರದಲ್ಲಿದ್ದಲ್ಲಿ ಸಂದೇಶಗಳು ಸಾಮಾನ್ಯವಾಗಿ ಅದರ ಪ್ರಮಾಣಿತ ನಿರ್ಗಮದ ಮೂಲಕವೇ ಸಾಗುತ್ತವೆ. ಪರೀಕ್ಷೆಗಾಗಿ ಒಂದು ಸಾಲನ್ನು ಅಲ್ಲಿಯೇ ಮುದ್ರಿಸಿದರೂ ಸಂವಹನ ಕೆಡಬಹುದು. ಹೊಸಬರು ಮೊದಲ ದಿನವೇ ಎದುರಿಸುವ ತೊಡಕು ಇದಾಗಿದ್ದು, ದಾಖಲೆ ಸಾಲುಗಳನ್ನು ದೋಷ ನಿರ್ಗಮಕ್ಕೆ ಕಳುಹಿಸುವುದರಿಂದ ಪರಿಹಾರವಾಗುತ್ತದೆ.

ಸುದ್ದಿಯ ಮೂಲಗಳು ಮತ್ತು ದಿನಾಂಕ

ಬಹುತೇಕ ಸುದ್ದಿ ತಾಣಗಳು ಆರ್‌ಎಸ್‌ಎಸ್ ಅಥವಾ ಆಟಮ್ ರೂಪದಲ್ಲಿ ಸುದ್ದಿಪಟ್ಟಿಯನ್ನು ಒದಗಿಸುತ್ತವೆ. ಗಣಕಯಂತ್ರಗಳ ಸುರಕ್ಷತಾ ಲೋಪಗಳ ವಿಷಯದಲ್ಲಿ, 2004ರಿಂದ ಕಾರ್ಯನಿರ್ವಹಿಸುತ್ತಿರುವ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ಹೊರಡಿಸುವ ಸೂಚನೆಗಳು ಪತ್ರಿಕಾ ವರದಿಗಳಿಗಿಂತ ಹೆಚ್ಚು ವಿಶ್ವಾಸಾರ್ಹ. ತಂತ್ರಜ್ಞಾನ ಸುದ್ದಿಗಾಗಿ ಅಭ್ಯಾಸಿಗಳು ಹೆಚ್ಚಾಗಿ ಆರಿಸಿಕೊಳ್ಳುವುದು, ಅಮೆರಿಕದ ವೈ ಕಾಂಬಿನೇಟರ್ ಸಂಸ್ಥೆಯು 2007ರಲ್ಲಿ ಆರಂಭಿಸಿದ ಹ್ಯಾಕರ್ ನ್ಯೂಸ್ ಎಂಬ ತಾಣವನ್ನು. 2014ರಿಂದ ಲಭ್ಯವಿರುವ ಅದರ ಎಪಿಐ ಮೊದಲು ಗರಿಷ್ಠ 500 ಪ್ರಮುಖ ಸುದ್ದಿಗಳ ಸಂಖ್ಯೆಗಳನ್ನು ಮಾತ್ರ ನೀಡುತ್ತದೆ. ಪ್ರತಿ ಸುದ್ದಿಯ ಶೀರ್ಷಿಕೆ, ಕೊಂಡಿ ಮತ್ತು ಸಮಯವನ್ನು ಆ ಸಂಖ್ಯೆಯಿಂದ ಪ್ರತ್ಯೇಕವಾಗಿ ಪಡೆಯಬೇಕು. ಹತ್ತು ಸುದ್ದಿಗಳು ಸಾಕಾಗಿರುವಲ್ಲಿ ಐನೂರನ್ನೂ ಕೇಳುವುದು ಅನಾವಶ್ಯಕ.

ಈ ಮೂಲಗಳಲ್ಲಿ ದಿನಾಂಕದ ಅರ್ಥ ಒಂದೇ ಆಗಿರುವುದಿಲ್ಲ. ಆರ್‌ಎಸ್‌ಎಸ್ 2.0ರಲ್ಲಿ ಪ್ರಕಟಣೆಯ ದಿನಾಂಕ ಕಡ್ಡಾಯವಲ್ಲ. ಅದಿಲ್ಲದ ಸುದ್ದಿಯೂ ನಿಯಮಬದ್ಧವೇ. 2005ರಲ್ಲಿ ಮಾನಕವಾದ ಆಟಮ್‌ನಲ್ಲಿ ಪರಿಷ್ಕರಣೆಯ ದಿನಾಂಕ ಕಡ್ಡಾಯ, ಪ್ರಕಟಣೆಯ ದಿನಾಂಕ ಐಚ್ಛಿಕ. ಹೀಗಾಗಿ, ಮೂರು ವರ್ಷ ಹಳೆಯ ಲೇಖನದಲ್ಲಿ ಒಂದಿಷ್ಟು ತಿದ್ದುಪಡಿಯಾದರೆ ಅದು ಇಂದಿನ ಸುದ್ದಿಯಂತೆ ಕಾಣಬಹುದು. ಹ್ಯಾಕರ್ ನ್ಯೂಸ್ ನೀಡುವ ಸಮಯವಾದರೋ ಓದುಗರೊಬ್ಬರು ಕೊಂಡಿಯನ್ನು ಅಲ್ಲಿ ಸೇರಿಸಿದ ಸಮಯವೇ ಹೊರತು ಲೇಖನ ಬರೆದ ಸಮಯವಲ್ಲ. ಅಲ್ಲಿ ಹಳೆಯ ಲೇಖನಗಳು ಆಗಾಗ ಮರಳಿ ಬರುತ್ತವೆ. ಅಂತಹವುಗಳ ಶೀರ್ಷಿಕೆಯ ಕೊನೆಯಲ್ಲಿ ವರ್ಷವನ್ನು ಕಂಸದಲ್ಲಿ ಸೂಚಿಸುವ ರೂಢಿಯಿದ್ದು, ಉಪಕರಣವು ಶೀರ್ಷಿಕೆಯನ್ನು ಚಿಕ್ಕದಾಗಿಸುವಾಗ ಈ ವರ್ಷವನ್ನು ಕತ್ತರಿಸಬಾರದು.

ಸಮಯವನ್ನು 1 ಜನವರಿ 1970ರಿಂದ ಕಳೆದ ಸೆಕೆಂಡುಗಳಲ್ಲಿ ನೀಡಿದ್ದಲ್ಲಿ ಅದನ್ನು ಓದಬಲ್ಲ ದಿನಾಂಕಕ್ಕೆ ಪರಿವರ್ತಿಸತಕ್ಕದ್ದು. ಅದು ಅಂತಾರಾಷ್ಟ್ರೀಯ ಕಾಲಮಾನವಾಗಿರುತ್ತದೆ. ಅಲ್ಲಿನ 18 ಗಂಟೆ 30 ನಿಮಿಷಕ್ಕೆ ಭಾರತದಲ್ಲಿ ಮರುದಿನ ಆರಂಭವಾಗುವುದರಿಂದ ‘ಇಂದಿನ ಸುದ್ದಿ’ ಎಂಬ ಕೋರಿಕೆಗೆ ಒಂದು ದಿನದ ವ್ಯತ್ಯಾಸ ಉಂಟಾಗಬಹುದು. ಭಾಷಾ ಮಾದರಿಗೆ ಸ್ವಂತ ಗಡಿಯಾರವಿರುವುದಿಲ್ಲವಾದ್ದರಿಂದ, ಸುದ್ದಿಯನ್ನು ಪಡೆದ ಸಮಯವನ್ನೂ ಉತ್ತರದಲ್ಲಿ ಸೇರಿಸುವುದು ಸೂಕ್ತ. ದಿನಾಂಕ ದೊರೆಯದಿದ್ದಲ್ಲಿ ‘ದಿನಾಂಕ ಲಭ್ಯವಿಲ್ಲ’ ಎಂದೇ ಬರೆಯತಕ್ಕದ್ದು. ಪಡೆದ ದಿನಾಂಕವನ್ನು ಪ್ರಕಟಣೆಯ ದಿನಾಂಕದ ಜಾಗದಲ್ಲಿ ತುಂಬುವುದು ತಪ್ಪು ಮಾಹಿತಿಯಾಗುತ್ತದೆ.

ಸುದ್ದಿ ದೊರೆಯದಿದ್ದಲ್ಲಿ

ಮೂಲದ ಸರ್ವರ್ ಸ್ಥಗಿತಗೊಂಡಿದ್ದಾಗ ಹಲವು ಉಪಕರಣಗಳು ಖಾಲಿ ಪಟ್ಟಿಯನ್ನು ಹಿಂದಿರುಗಿಸುತ್ತವೆ. ಸಹಾಯಕವು ಇದನ್ನು ‘ಈ ಕುರಿತು ಹೊಸ ಸುದ್ದಿಯಿಲ್ಲ’ ಎಂದು ಅರ್ಥೈಸಿಕೊಂಡು ಬಳಕೆದಾರರಿಗೆ ಹಾಗೆಯೇ ತಿಳಿಸುವ ಸಂಭವವಿದೆ. ಸುದ್ದಿ ಇಲ್ಲದಿರುವುದು ಬೇರೆ, ಮೂಲ ತಲುಪದಿರುವುದು ಬೇರೆ. ಎಂಸಿಪಿಯಲ್ಲಿ ದೋಷವನ್ನು ಸೂಚಿಸಲು ಪ್ರತ್ಯೇಕ ಗುರುತು ಇದ್ದು ಅದನ್ನು ತಪ್ಪದೆ ಬಳಸತಕ್ಕದ್ದು. ಒಮ್ಮೆ ಪಡೆದ ಪಟ್ಟಿಯನ್ನು ಕೆಲವು ನಿಮಿಷ ಸಂಗ್ರಹಿಸಿಟ್ಟುಕೊಳ್ಳಬಹುದು. ನಂತರ ಕೇಳುವಾಗ, ಬದಲಾಗಿದ್ದರೆ ಮಾತ್ರ ಕಳುಹಿಸುವಂತೆ ಕೋರಿದಲ್ಲಿ, ಬದಲಾಗದ ಪಟ್ಟಿಗೆ ಸರ್ವರ್ 304 ಎಂಬ ಸಂಕೇತವನ್ನಷ್ಟೇ ಕಳುಹಿಸುತ್ತದೆ.

ಸುರಕ್ಷತೆ

ಅಂತರ್ಜಾಲದಿಂದ ತಂದ ಲೇಖನದೊಳಗೆ ‘ಹಿಂದಿನ ಸೂಚನೆಗಳನ್ನು ಕೈಬಿಟ್ಟು ಹೀಗೆ ಮಾಡು’ ಎಂಬಂತಹ ವಾಕ್ಯವನ್ನು ಯಾರಾದರೂ ಅಡಗಿಸಿಟ್ಟಿರಬಹುದು. ಇದನ್ನು ಪ್ರಾಂಪ್ಟ್ ಇಂಜೆಕ್ಷನ್ ಎನ್ನುತ್ತಾರೆ. ತಂತ್ರಾಂಶ ತಜ್ಞ ಸೈಮನ್ ವಿಲಿಸನ್ 2022ರಲ್ಲಿ ನೀಡಿದ ಹೆಸರಿದು. ಇದಕ್ಕೆ ಪೂರ್ಣ ಪರಿಹಾರವಿಲ್ಲದ ಕಾರಣ ಉಪಕರಣದ ಅಧಿಕಾರವನ್ನೇ ಮಿತಿಗೊಳಿಸುವುದು ಕ್ಷೇಮ. ಸುದ್ದಿ ಉಪಕರಣಕ್ಕೆ ಓದುವ ಅನುಮತಿ ಸಾಕು. ಕಡತಗಳನ್ನು ತೆರೆಯುವ, ಮಿಂಚಂಚೆ ಕಳುಹಿಸುವ ಅಥವಾ ಹಣ ಪಾವತಿಸುವ ಉಪಕರಣಗಳನ್ನು ಅದೇ ಸಂವಾದದಲ್ಲಿ ಜೋಡಿಸದಿರುವುದು ಒಳಿತು. ಹುಡುಕಾಟದ ಪದಗಳು ಮೂರನೆಯವರ ಸರ್ವರ್‌ಗೆ ತಲುಪುವುದರಿಂದ ಆಧಾರ್ ಸಂಖ್ಯೆ, ಅರ್ಜಿ ಸಂಖ್ಯೆ, ದೂರವಾಣಿ ಸಂಖ್ಯೆಗಳನ್ನು ಪ್ರಶ್ನೆಯಲ್ಲಿ ಸೇರಿಸಬಾರದು.

ಪೂರ್ಣ ಲೇಖನಗಳನ್ನು ನಕಲಿಸಿ ಮರುಪ್ರಕಟಿಸುವುದು ಕೃತಿಸ್ವಾಮ್ಯ ಅಧಿನಿಯಮ, 1957ರ ಉಲ್ಲಂಘನೆಯಾಗಬಹುದು. ಶೀರ್ಷಿಕೆ, ಒಂದೆರಡು ವಾಕ್ಯಗಳ ಸಾರಾಂಶ ಮತ್ತು ಮೂಲದ ಕೊಂಡಿ ಸಾಕಾಗುತ್ತದೆ. ಸ್ವಯಂಚಾಲಿತ ತಂತ್ರಾಂಶಗಳಿಗಾಗಿ ತಾಣವು ರೋಬೋಟ್ಸ್ ಕಡತದಲ್ಲಿ ನೀಡಿರುವ ಸೂಚನೆಗಳನ್ನೂ ಗೌರವಿಸತಕ್ಕದ್ದು.

ಅರ್ಜಿದಾರರ ಗಮನಕ್ಕೆ

ಸಹಾಯಕದ ಉತ್ತರದಲ್ಲಿ ದಿನಾಂಕ ಮತ್ತು ಮೂಲದ ಕೊಂಡಿ ಇಲ್ಲದಿದ್ದಲ್ಲಿ ಅವುಗಳನ್ನು ಕೇಳಿ ಪಡೆಯಬೇಕು ಹಾಗೂ ಕೊಂಡಿಯನ್ನು ತೆರೆದು ನೋಡಬೇಕು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸುವಂತೆ ಸೂಚಿಸುವ ಹಳೆಯ ಕೈಪಿಡಿಗಳು ಅಂತರ್ಜಾಲದಲ್ಲಿ ಉಳಿದುಕೊಂಡಿರಬಹುದು. ಆ ಬ್ರೌಸರ್‌ನ 11ನೇ ಆವೃತ್ತಿಯನ್ನು ವಿಂಡೋಸ್ 10ರಲ್ಲಿ 15 ಜೂನ್ 2022ರಂದು ನಿವೃತ್ತಿಗೊಳಿಸಲಾಗಿದೆ. ಅರ್ಜಿಯ ಶುಲ್ಕ, ಕೊನೆಯ ದಿನಾಂಕ ಮತ್ತು ದಾಖಲೆಗಳ ವಿಷಯದಲ್ಲಿ ಸಂಬಂಧಪಟ್ಟ ಇಲಾಖೆಯ ಅಧಿಸೂಚನೆಯನ್ನೇ ಪರಿಗಣಿಸತಕ್ಕದ್ದು. ಸುದ್ದಿಯ ಹೆಸರಿನಲ್ಲಿ ಬಂದ ಕೊಂಡಿಯಿಂದ ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದಾಗಿದೆ.