ಅಧಿಕಾರವಿಲ್ಲದ ಸುಧಾರಕರು: ಇಂಗ್ಲೆಂಡಿನ ಪ್ರಾಥಮಿಕ ಆರೋಗ್ಯಸೇವೆಯಲ್ಲಿ ಸುಗಮಕಾರರ ಪಾತ್ರ

ಆರೋಗ್ಯಸೇವೆಯ ಚರಿತ್ರೆಯನ್ನು ಬರೆಯುವವರು ಶಾಸನಗಳನ್ನೂ ಆಸ್ಪತ್ರೆಗಳನ್ನೂ ಹೊಸ ಔಷಧಗಳನ್ನೂ ಕುರಿತು ವಿಸ್ತಾರವಾಗಿ ಹೇಳುವುದುಂಟು. ರೋಗಿಯು ಮೊದಲು ಮೊರೆಹೋಗುವ ಕುಟುಂಬವೈದ್ಯರ ಚಿಕಿತ್ಸಾಲಯದ ಕೆಲಸ ಹೇಗೆ ಸುಧಾರಿಸಿತೆಂಬ ಪ್ರಶ್ನೆ ಮಾತ್ರ ಅಷ್ಟಾಗಿ ಗಮನ ಸೆಳೆದಿಲ್ಲ. ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಈ ಉದ್ದೇಶಕ್ಕಾಗಿಯೇ ರೂಪುಗೊಂಡ ‘ಸುಗಮಕಾರ’ರ ಕಾರ್ಯವನ್ನು ನಾವಿಲ್ಲಿ ವಿವೇಚಿಸುತ್ತೇವೆ. ಚಿಕಿತ್ಸಾಲಯಕ್ಕೆ ಹೊರಗಿನಿಂದ ಬಂದು, ಅಧಿಕಾರ ಚಲಾಯಿಸದೆ, ಅಲ್ಲಿನವರೇ ತಮ್ಮ ಕೆಲಸವನ್ನು ತಿದ್ದಿಕೊಳ್ಳುವಂತೆ ನೆರವಾಗುವವರೇ ಸುಗಮಕಾರರು.

ಇಂತಹವರ ಅಗತ್ಯವೇಕೆ ಉಂಟಾಯಿತೆಂಬುದನ್ನು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯಸೇವೆ ಆರಂಭವಾದಾಗ ಆಸ್ಪತ್ರೆಗಳು ಸರ್ಕಾರದ ವಶಕ್ಕೆ ಬಂದುವು. ಕುಟುಂಬವೈದ್ಯರು ಮಾತ್ರ ನೌಕರರಾಗದೆ ಸ್ವತಂತ್ರ ಗುತ್ತಿಗೆದಾರರಾಗಿಯೇ ಉಳಿದರು. ಚಿಕಿತ್ಸೆಯನ್ನು ಹೀಗೆಯೇ ನಡೆಸಬೇಕೆಂದು ಅವರಿಗೆ ಆಜ್ಞಾಪಿಸುವ ಮೇಲಧಿಕಾರಿ ಇರಲಿಲ್ಲ. ಈ ಸ್ವಾತಂತ್ರ್ಯದ ಇನ್ನೊಂದು ಮುಖವನ್ನು 1950ರಲ್ಲಿ ಜೋಸೆಫ್ ಕಾಲಿಂಗ್ಸ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೆರೆದಿಟ್ಟರು. ಅವರು ಸಂದರ್ಶಿಸಿದ 55 ಚಿಕಿತ್ಸಾಲಯಗಳಲ್ಲಿ ಕೆಲವು ಶೋಚನೀಯ ಸ್ಥಿತಿಯಲ್ಲಿದ್ದುವು. ಎರಡು ವರ್ಷಗಳ ತರುವಾಯ ಕುಟುಂಬವೈದ್ಯರು ತಮ್ಮದೇ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿಕೊಂಡರು. 1966ರ ಒಪ್ಪಂದದಿಂದ ಚಿಕಿತ್ಸಾಲಯದ ದಾದಿಯರ ಮತ್ತು ಸಹಾಯಕರ ಸಂಬಳದಲ್ಲಿ ಶೇಕಡ 70ರಷ್ಟು ಸರ್ಕಾರದಿಂದ ಮರಳಿ ದೊರೆಯುವಂತಾಯಿತು. ಸಾಧನವೇನೋ ಕೈಗೆ ಬಂದಿತು. ಅದನ್ನು ಬಳಸುವ ಬಗೆಯನ್ನು ತೋರಿಸುವವರು ಬೇಕಾಗಿದ್ದರು.

ಆ ಕೊರತೆಯನ್ನು ತುಂಬಲು 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಪ್ರಯೋಗ ನಡೆಯಿತು. ಹೃದಯಾಘಾತ ಮತ್ತು ಪಾರ್ಶ್ವವಾಯುಗಳನ್ನು ತಡೆಗಟ್ಟುವುದು ಅದರ ಗುರಿ. ಇಲೇನ್ ಫುಲ್ಲರ್ಡ್ ಎಂಬಾಕೆ ಸುಗಮಕಾರರಾಗಿ ಚಿಕಿತ್ಸಾಲಯಗಳಿಗೆ ಹೋಗತೊಡಗಿದರು. ಆ ಕಾಲದ ರೋಗಿಗಳ ದಾಖಲೆಗಳು ‘ಲಾಯ್ಡ್ ಜಾರ್ಜ್ ಲಕೋಟೆ’ ಎಂದು ಕರೆಯುತ್ತಿದ್ದ ಚಿಕ್ಕ ರಟ್ಟಿನ ಲಕೋಟೆಗಳಲ್ಲಿದ್ದುವು. ಅವುಗಳಲ್ಲಿ ಕೆಲವನ್ನು ಆರಿಸಿ ತೆಗೆದು, ಎಷ್ಟು ಮಂದಿಯ ರಕ್ತದ ಒತ್ತಡ, ತೂಕ, ಧೂಮಪಾನದ ಅಭ್ಯಾಸಗಳು ದಾಖಲಾಗಿವೆಯೆಂದು ಎಣಿಸಿ ವೈದ್ಯರ ಮುಂದಿಡುವುದು ಮೊದಲ ಹೆಜ್ಜೆ. ತಾವು ತಪ್ಪದೆ ಮಾಡುತ್ತಿದ್ದೇವೆಂದು ನಂಬಿದ್ದ ಕೆಲಸ ದಾಖಲೆಯಲ್ಲಿ ಕಾಣದಿದ್ದಾಗ ವೈದ್ಯರಿಗೆ ಉಪದೇಶದ ಅಗತ್ಯ ಉಳಿಯುತ್ತಿರಲಿಲ್ಲ. ಅನಂತರ ಚಿಕಿತ್ಸಾಲಯದ ದಾದಿಗೆ ತರಬೇತಿ ಕೊಟ್ಟು, ಬೇರೆ ಕಾರಣಕ್ಕೆಂದು ಬಂದ 35ರಿಂದ 64 ವಯಸ್ಸಿನವರನ್ನು ಆಕೆಯ ಬಳಿಗೆ ತಪಾಸಣೆಗೆ ಕಳುಹಿಸುವ ಕ್ರಮವನ್ನು ಏರ್ಪಡಿಸಲಾಗುತ್ತಿತ್ತು. 1987ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ತುಲನಾತ್ಮಕ ಪರೀಕ್ಷೆಯಲ್ಲಿ, ಸುಗಮಕಾರರ ನೆರವು ಪಡೆದ ಚಿಕಿತ್ಸಾಲಯಗಳು ಈ ಮೂರು ಅಂಶಗಳ ದಾಖಲೆಯಲ್ಲಿಯೂ ಉಳಿದವುಗಳನ್ನು ಬಹುವಾಗಿ ಮೀರಿಸಿದುವು.

ಈ ಯಶಸ್ಸಿಗೆ ಮುಖ್ಯ ಕಾರಣ ಸುಗಮಕಾರರಿಗೆ ಅಧಿಕಾರವಿಲ್ಲದಿದ್ದುದೇ ಎಂದು ನಮಗೆ ತೋರುತ್ತದೆ. ತನಿಖೆಗೆಂದು ಬಂದವರ ಮುಂದೆ ಲೋಪವನ್ನು ಮುಚ್ಚಿಡುವುದು ಮನುಷ್ಯ ಸ್ವಭಾವ. ನೆರವಿಗೆಂದು ಬಂದವರ ಮುಂದೆ ಲಕೋಟೆಗಳನ್ನು ಬಿಚ್ಚಿಡಲು ವೈದ್ಯರು ಅಷ್ಟಾಗಿ ಹಿಂಜರಿಯಬೇಕಾಗಿರಲಿಲ್ಲ.

ಹೀಗಿದ್ದರೂ ದಾಖಲೆಯ ವೃದ್ಧಿ ಆರೋಗ್ಯದ ವೃದ್ಧಿಯೇ ಎಂಬ ಪ್ರಶ್ನೆ ಉಳಿಯುತ್ತದೆ. 1990ರ ಹೊಸ ಒಪ್ಪಂದವು ಆರೋಗ್ಯವರ್ಧನ ತಪಾಸಣೆಗಳಿಗೆ ಪ್ರತ್ಯೇಕ ಸಂಭಾವನೆ ನೀಡಿತು. ಸುಗಮಕಾರರು ಮನವೊಲಿಸಿ ಮಾಡಿಸುತ್ತಿದ್ದ ಕೆಲಸದೊಳಕ್ಕೆ ಹಣದ ಪ್ರೇರಣೆ ಪ್ರವೇಶಿಸಿತು. ಆದರೆ ಲೂಟನ್ ಮತ್ತು ಡನ್‌ಸ್ಟಬಲ್ ಪಟ್ಟಣಗಳ ಐದು ಚಿಕಿತ್ಸಾಲಯಗಳಲ್ಲಿ ನಡೆದ ‘ಆಕ್ಸ್‌ಚೆಕ್’ ಅಧ್ಯಯನದ ಫಲಿತಾಂಶಗಳು 1994ರಲ್ಲಿ ಹೊರಬಂದಾಗ, ದಾದಿಯರ ತಪಾಸಣೆಯಿಂದ ರಕ್ತದ ಕೊಲೆಸ್ಟೆರಾಲ್ ಅಲ್ಪವಾಗಿ ಮಾತ್ರ ಇಳಿದಿತ್ತು. ಧೂಮಪಾನದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದು ಸುಗಮಕಾರರ ಸೋಲೆಂದು ನಾವು ಹೇಳಲಾರೆವು. ಒಪ್ಪಿಸಿದ ಕಾರ್ಯವನ್ನು ಅವರು ಮಾಡಿಸಬಲ್ಲರು. ಆ ಕಾರ್ಯದ ಫಲ ಎಷ್ಟೆಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಇವೆರಡನ್ನೂ ಒಂದೆಂದು ಭಾವಿಸುವುದು ಚರಿತ್ರಕಾರನೂ ಆಡಳಿತಗಾರನೂ ಎಸಗಬಹುದಾದ ದೊಡ್ಡ ತಪ್ಪು.

ಈ ಭೇದವನ್ನು ನೆನಪಿನಲ್ಲಿಟ್ಟು ಮುಂದಿನ ಸಂಶೋಧನೆಯನ್ನು ನೋಡಿದರೆ ಅದರ ಅರ್ಥ ಸ್ಪಷ್ಟವಾಗುತ್ತದೆ. 23 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಬಾಸ್ಕರ್‌ವಿಲ್, ಲಿಡಿ ಮತ್ತು ಹಾಗ್ ಅವರ ವಿಮರ್ಶೆಯ ಪ್ರಕಾರ, ಸುಗಮಕಾರರ ನೆರವಿದ್ದ ಚಿಕಿತ್ಸಾಲಯಗಳು ಪ್ರಮಾಣಸಿದ್ಧವಾದ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳುವ ಸಾಧ್ಯತೆ 2.76 ಪಟ್ಟು ಹೆಚ್ಚು. ಒಬ್ಬ ಸುಗಮಕಾರರಿಗೆ ವಹಿಸಿದ ಚಿಕಿತ್ಸಾಲಯಗಳ ಸಂಖ್ಯೆ ಹೆಚ್ಚಿದಷ್ಟೂ ಪರಿಣಾಮ ಕುಗ್ಗುತ್ತಿತ್ತೆಂಬುದೂ ಅದರಲ್ಲಿ ಕಂಡುಬಂದಿತು. ಪರಿಚಯದಿಂದಲೂ ವಿಶ್ವಾಸದಿಂದಲೂ ನಡೆಯುವ ಕೆಲಸವನ್ನು ತೆಳ್ಳಗೆ ಹರಡಿದರೆ ಅದರ ಸತ್ತ್ವ ಉಳಿಯುವುದಿಲ್ಲ. ಗುಣಮಟ್ಟವನ್ನು ಆಜ್ಞೆಯಿಂದಲೇ ತರಬಹುದೆಂದು ನಂಬುವವರೂ, ಕೇವಲ ಹಣದಿಂದ ಕೊಳ್ಳಬಹುದೆಂದು ನಂಬುವವರೂ ಈ ಚರಿತ್ರೆಯನ್ನು ಅವಲೋಕಿಸುವುದು ಉಚಿತ.