ಮಂಜಿಗಳ ಮೇಲೆ ಫಿರಂಗಿ

ಬೇಲೂರು ಸೀಮೆಯ ಕಾಫಿ ಘಟ್ಟ ಇಳಿದು ಮಂಗಳೂರು ಸೇರಿದರೆ ಮುಂದೆ ಸಮುದ್ರವೇ ದಾರಿ. ಅರಸೀಕೆರೆ ಹಿಂದಿನಿಂದಲೂ ರೈಲು ಜಂಕ್ಷನ್. ಆದರೆ ಹಾಸನದಿಂದ ಕರಾವಳಿಗೆ ರೈಲು ಇಳಿದದ್ದು 1979ರಲ್ಲಷ್ಟೇ. ಮಂಗಳೂರಿನ ಹಳೆಯ ಬಂದರು ಆಳವಿಲ್ಲದ್ದು. ದೊಡ್ಡ ಹಡಗುಗಳು ದೂರದಲ್ಲೇ ನಿಲ್ಲಬೇಕು. ಹೆಂಚು ಹೊತ್ತು ಮುಂಬಯಿಗೆ ಹೋಗುತ್ತಿದ್ದುದು ಹಾಯಿ ಕಟ್ಟಿದ ಮಂಜಿಗಳು.

ಎರಡನೆಯ ಮಹಾಯುದ್ಧ ಇಂಥ ಬಡ ನಾವೆಗಳನ್ನೂ ಬಿಡಲಿಲ್ಲ. 1943ರಲ್ಲಿ ಅರಬ್ಬಿ ಸಮುದ್ರಕ್ಕೆ ಬಂದ ಜರ್ಮನಿಯ ಜಲಾಂತರ್ಗಾಮಿ ಯು-168, ಅಕ್ಟೋಬರ್ 2ರಂದು ಮುಂಬಯಿಯ ನೈಋತ್ಯಕ್ಕೆ 'ಹೈಚಿಂಗ್' ಎಂಬ ಉಗಿಹಡಗನ್ನು ಟಾರ್ಪೆಡೊದಿಂದ ಮುಳುಗಿಸಿತು. ಅದೇ ಯಾನದಲ್ಲಿ ಆರು ಹಾಯಿನಾವೆಗಳನ್ನೂ ಮುಳುಗಿಸಿತು. ಇವಕ್ಕೆ ದುಬಾರಿ ಟಾರ್ಪೆಡೊ ಏಕೆ? ನೀರಿನ ಮೇಲೆದ್ದು ಡೆಕ್ಕಿನ ಫಿರಂಗಿಯಿಂದಲೇ ಹೊಡೆದರು. ಎಂಜಿನ್ ಇಲ್ಲದ ಮರದ ನಾವೆ, ಗಾಳಿ ಬಿದ್ದರೆ ನಿಂತಲ್ಲೇ ಸಿಕ್ಕಿಬೀಳುತ್ತದೆ. 1944ರ ಆರಂಭದಲ್ಲಿ ಯು-188 ಹೀಗೆಯೇ ಏಳು ನಾವೆಗಳನ್ನು ಮುಳುಗಿಸಿತು.

ಜಲಾಂತರ್ಗಾಮಿಯ ಸಾಧನೆಯನ್ನು ಟನ್ನುಗಳಲ್ಲಿ ಅಳೆಯುವುದು ಯುದ್ಧದ ವಾಡಿಕೆ. ಯು-168ರ ಹೆಸರಿಗಿರುವ 6,568 ಟನ್ನುಗಳಲ್ಲಿ ಹೈಚಿಂಗ್‌ನ ಪಾಲು 2,183. ಉಳಿದದ್ದು ಒಂದು ಗ್ರೀಕ್ ಹಡಗಿನದು. ಆರು ಹಾಯಿನಾವೆಗಳು ಆ ಮೊತ್ತದಲ್ಲಿ ಸೇರಿಯೇ ಇಲ್ಲ!

1944ರ ಅಕ್ಟೋಬರ್ 6ರಂದು ಜಾವಾ ಬಳಿ ಡಚ್ ಜಲಾಂತರ್ಗಾಮಿಯೊಂದು ಯು-168ನ್ನು ಮುಳುಗಿಸಿತು. ಅದರಲ್ಲಿದ್ದವರಲ್ಲಿ 23 ಮಂದಿ ಸತ್ತರೆಂಬ ಲೆಕ್ಕವಂತೂ ಸಿಗುತ್ತದೆ.