ಮಾಗಬೇಕಾದ ಗಾಯ: ಹೃದಯಾಘಾತದ ನಂತರದ ಉರಿಯೂತ ಮತ್ತು ಕಾಫಿ ಸೀಮೆಯ ಆರು ವಾರಗಳು

ಮೂಡಿಗೆರೆ, ಕಳಸದ ಕಡೆ ಗೌರಿ ಹಬ್ಬದ ಹೊತ್ತಿಗೆ ಬೇಲಿಸಾಲಿನಲ್ಲಿ ಒಂದು ಬಳ್ಳಿ ಹೂ ಬಿಡುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿರುತ್ತದೆ. ಎಸಳು ಬುಡದಲ್ಲಿ ಹಳದಿ, ಮೇಲೆ ಕೆಂಪು, ಅಂಚೆಲ್ಲ ಅಲೆ ಅಲೆ. ಕೆಲವರು ಇದನ್ನು ಗೌರಿ ಹೂ ಎನ್ನುತ್ತಾರೆ, ಕೆಲವರು ಅಗ್ನಿಶಿಖೆ ಎನ್ನುತ್ತಾರೆ. ಇದರ ಗೆಡ್ಡೆ ತಿಂದರೆ ಸಾವು ಬರಬಹುದು. ಆ ಗೆಡ್ಡೆಯಲ್ಲೂ ಬೀಜದಲ್ಲೂ ಇರುವ ಕೊಲ್ಚಿಸಿನ್ ಎಂಬ ವಸ್ತು ಬಹುಕಾಲದಿಂದ ಗೌಟ್‌ಗೆ ಔಷಧ. ಈಗ ಅದೇ ಔಷಧ ಹೃದಯಾಘಾತದ ನಂತರದ ಉರಿಯೂತದ ಚರ್ಚೆಯ ನಡುವೆ ಬಂದು ನಿಂತಿದೆ.

ಉರಿಯೂತವೆಂದರೆ ಆರಿಸಬೇಕಾದ ಬೆಂಕಿ ಎಂಬ ಎಣಿಕೆ ಸಾಮಾನ್ಯ. ನನ್ನ ವಾದ ಬೇರೆ. ಸತ್ತ ಸ್ನಾಯುವಿನ ಜಾಗದಲ್ಲಿ ಗಟ್ಟಿ ಕಲೆ ಕೂಡಬೇಕಾದರೆ ಉರಿಯೂತ ಬರಲೇಬೇಕು, ಬಂದದ್ದು ಹೊತ್ತಿಗೆ ಸರಿಯಾಗಿ ಇಳಿಯಲೂ ಬೇಕು. ಮೊದಲ ಗಂಟೆಯ ಬಗ್ಗೆ ನಾವು ಈಗ ಎಚ್ಚೆತ್ತಿದ್ದೇವೆ. ಆಮೇಲಿನ ಆರು ವಾರಗಳಿಗೆ ಅಷ್ಟು ಗಮನ ಸಿಕ್ಕಿಲ್ಲ.

ಎಡ ಹೃತ್ಕುಕ್ಷಿಯಲ್ಲಿ ಸುಮಾರು 200ರಿಂದ 400 ಕೋಟಿ ಸ್ನಾಯುಕೋಶಗಳಿವೆ. ದೊಡ್ಡ ಆಘಾತವಾದರೆ ಕೆಲವೇ ಗಂಟೆಗಳಲ್ಲಿ ಅವುಗಳಲ್ಲಿ ಕಾಲು ಭಾಗ ಸತ್ತುಹೋಗಬಹುದು. ನಡುವಯಸ್ಸಿನವರಲ್ಲಿ ಹೊಸ ಸ್ನಾಯುಕೋಶ ವರ್ಷಕ್ಕೆ ಶೇ. 1ರಷ್ಟೂ ಹುಟ್ಟುವುದಿಲ್ಲ. ಹಾಗಾಗಿ ಹೃದಯಕ್ಕೆ ಉಳಿಯುವ ರಿಪೇರಿ ಕಲೆಯೊಂದೇ. ಸಾಯುವ ಕೋಶಗಳು ಒಡೆದು ಒಳಗಿನದನ್ನು ಹೊರಚೆಲ್ಲುತ್ತವೆ. ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6 ಮುಂತಾದ ಸಂಕೇತಗಳು ಏರುತ್ತವೆ. ಗಂಟೆಗಳೊಳಗೆ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ, ಹಿಂದೆಯೇ ಅಸ್ಥಿಮಜ್ಜೆಯಿಂದಲೂ ಗುಲ್ಮದಿಂದಲೂ ಮಾನೊಸೈಟ್‌ಗಳು ಬಂದು ಮ್ಯಾಕ್ರೋಫೇಜ್‌ಗಳಾಗುತ್ತವೆ. ಇವು ಸತ್ತ ಕೋಶಗಳನ್ನು ನುಂಗುತ್ತವೆ. ನುಂಗಿದ ಮೇಲೆ ಇವುಗಳ ನಡವಳಿಕೆಯೇ ಬದಲಾಗುತ್ತದೆ. ಅದುವರೆಗೆ ಉರಿ ಹೆಚ್ಚಿಸುತ್ತಿದ್ದವು ಈಗ ಇಂಟರ್‌ಲ್ಯೂಕಿನ್-10, ಟಿಜಿಎಫ್ ಬೀಟಾ ಬಿಡುತ್ತ ಉರಿ ಇಳಿಸುತ್ತವೆ, ಕೊಲಾಜನ್ ನೇಯುವ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಶುಚಿ ಮಾಡುವ ಕೆಲಸ ಮುಗಿಯದೆ ಕಟ್ಟುವ ಕೆಲಸ ಶುರುವಾಗುವುದಿಲ್ಲ. ಮೊದಲ ವಾರದ ಕೊನೆಯತ್ತ ಹಳೆಯ ಸ್ನಾಯು ಕರಗಿರುತ್ತದೆ, ಹೊಸ ಎಳೆ ಇನ್ನೂ ಬಿಗಿದಿರುವುದಿಲ್ಲ. ಹೃದಯದ ಗೋಡೆ ಒಡೆಯುವ ಭಯ ಆ ದಿನಗಳದು. ಕಲೆ ಗಟ್ಟಿಯಾಗಲು ಆರೆಂಟು ವಾರ ಬೇಕು.

ಈ ಕ್ರಮ ಕೆಡಿಸಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಪಾಠವೊಂದಿದೆ. ಉರಿಯೂತ ತಗ್ಗಿಸಿದರೆ ಸ್ನಾಯು ಉಳಿದೀತೆಂದು ನಂಬಿ ಒಂದು ಕಾಲದಲ್ಲಿ ಸ್ಟೀರಾಯ್ಡ್ ಕೊಟ್ಟು ನೋಡಿದರು. ಮೀಥೈಲ್‌ಪ್ರೆಡ್ನಿಸೋಲೋನ್ ಮತ್ತೆ ಮತ್ತೆ ಪಡೆದವರಲ್ಲಿ ಗಾಯ ಹಿಗ್ಗಿತೆಂಬ ವರದಿ 1976ರಲ್ಲಿ ಬಂತು.

ಆದರೆ ಉರಿಯೂತದ ಅಳತೆಯನ್ನು ಮೊದಲು ನಿರ್ಧರಿಸುವುದು ಗಾಯದ ಗಾತ್ರ. ನೆತ್ತರು ನಿಂತ ಜಾಗದಲ್ಲಿ ಸಾವು ಹೃದಯದ ಒಳಪದರದಿಂದ ಹೊರಪದರಕ್ಕೆ ಅಲೆಯಂತೆ ಹಬ್ಬುತ್ತದೆಂದು ರೈಮರ್, ಜೆನ್ನಿಂಗ್ಸ್ ಮೊದಲಾದವರು 1977ರಲ್ಲಿ ನಾಯಿಗಳ ಹೃದಯದಲ್ಲಿ ತೋರಿಸಿದರು. ಕಳಸದವರು ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಚಿಕ್ಕಮಗಳೂರು ಸೇರುವಷ್ಟರಲ್ಲಿ ಆ ಅಲೆ ಎಷ್ಟು ದೂರ ಹೋಗಿರುತ್ತದೋ. ಮಂಗಳೂರಿಗೆ ಇಳಿಯುವುದಾದರೆ ಚಾರ್ಮಾಡಿ ಘಾಟಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿತ್ತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕರಾವಳಿ, ಮಲೆನಾಡಿನ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ಬಂದ ಇಸಿಜಿ ಪಟ್ಟಿ ನೋಡಿ ಸಲಹೆ ಹೇಳುವ ವ್ಯವಸ್ಥೆ ಕಟ್ಟಿದ್ದು ಈ ದೂರವನ್ನು ಕಂಡೇ. ಪುನೀತ್ ರಾಜ್‌ಕುಮಾರ್ ಹೆಸರಿನ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತದೆ. ಹೆಪ್ಪು ಬೇಗ ಕರಗಿದಷ್ಟೂ ಸಾಯುವ ಸ್ನಾಯು ಕಡಿಮೆ, ಉರಿಯೂತದ ಹೊರೆಯೂ ಕಡಿಮೆ. ಉರಿಯೂತಕ್ಕೆ ನಮ್ಮಲ್ಲಿರುವ ಅತ್ಯುತ್ತಮ ಚಿಕಿತ್ಸೆ ಇದೇ ಎಂದು ನಾನು ನಂಬುತ್ತೇನೆ.

ಔಷಧದಿಂದ ಉರಿಯೂತ ಹಿಡಿತಕ್ಕೆ ತರುವ ಪ್ರಯತ್ನಗಳ ಫಲ ಮಿಶ್ರ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಹಿಂದೆ ಹೃದಯಾಘಾತವಾಗಿದ್ದ 10,061 ಜನರಿದ್ದರು. ಇಂಟರ್‌ಲ್ಯೂಕಿನ್-1 ಬೀಟಾ ತಡೆಯುವ ಕೆನಾಕಿನುಮಾಬ್ 150 ಮಿ.ಗ್ರಾಂ. ಪಡೆದವರಲ್ಲಿ ಹೊಸ ಆಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ. 15ರಷ್ಟು ಇಳಿದವು, ಆದರೆ ಸೋಂಕಿನಿಂದ ಸತ್ತವರು ಹೆಚ್ಚಾದರು. 2019ರ ಕೋಲ್ಕಾಟ್‌ನಲ್ಲಿ 4,745 ಜನರಿಗೆ ಆಘಾತವಾದ 30 ದಿನಗಳೊಳಗೆ ದಿನಕ್ಕೆ 0.5 ಮಿ.ಗ್ರಾಂ. ಕೊಲ್ಚಿಸಿನ್ ಅಥವಾ ಹುಸಿಮಾತ್ರೆ ಶುರು ಮಾಡಿದರು. ತೊಂದರೆಗೊಳಗಾದವರು ಹುಸಿಮಾತ್ರೆಯವರಲ್ಲಿ ಶೇ. 7.1, ಕೊಲ್ಚಿಸಿನ್ ಪಡೆದವರಲ್ಲಿ ಶೇ. 5.5. ಭರವಸೆ ಮೂಡಿತು. 2024ರ ಕ್ಲಿಯರ್ ಪ್ರಯೋಗದ 7,062 ಜನರಲ್ಲಿ ಅದು ನಿಲ್ಲಲಿಲ್ಲ: ಶೇ. 9.3 ಮತ್ತು 9.1. ಎಲ್ಲರಿಗೂ ಕಣ್ಣುಮುಚ್ಚಿ ಕೊಲ್ಚಿಸಿನ್ ಬರೆಯುವ ಕಾಲ ಬಂದಿಲ್ಲ. ಮೂತ್ರಪಿಂಡ ಸೋತವರಲ್ಲಿ ಈ ಔಷಧ ಮೈಯಲ್ಲೇ ಉಳಿದು ವಿಷವಾಗುತ್ತದೆ. ಬೇಲಿಯ ಬಳ್ಳಿಯಿಂದ ಮನೆಮದ್ದು ಮಾಡುವ ಮಾತಂತೂ ಬೇಡವೇ ಬೇಡ.

ಇಂಥ ಔಷಧ ಯಾರಿಗೆ ಕೊಡಬೇಕೆಂದು ತಿಳಿಯಲು ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ನೋಡಬಹುದು. ಕ್ಯಾಂಟೋಸ್‌ಗೆ ಲೀಟರಿಗೆ 2 ಮಿ.ಗ್ರಾಂ. ಮತ್ತು ಅದಕ್ಕೂ ಮೇಲಿದ್ದವರನ್ನಷ್ಟೇ ಸೇರಿಸಿದ್ದರು. ಮಲೆನಾಡಿನಲ್ಲಿ ಈ ಗೆರೆಯನ್ನು ಎಚ್ಚರದಿಂದ ಓದಬೇಕು. ಮಳೆಗಾಲದ ಇಲಿಜ್ವರ, ಡೆಂಗಿ, ಕಾಲಿನ ಹುಣ್ಣು, ಯಾವುದಿದ್ದರೂ ಸಿಆರ್‌ಪಿ ಏರುತ್ತದೆ. ಅದನ್ನೆಲ್ಲ ಹೃದಯದ ಲೆಕ್ಕಕ್ಕೆ ಬರೆದುಕೊಂಡರೆ ಸೋಂಕಿರುವವರಿಗೇ ಉರಿಯೂತ ತಗ್ಗಿಸುವ ಮದ್ದು ಕೊಟ್ಟಂತಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಮಾತ್ರೆ. ತೋಟದ ಇಳಿಜಾರಿನಲ್ಲಿ ದಿನವಿಡೀ ನಿಂತು ಕಾಫಿ ಹಣ್ಣು ಕೊಯ್ದವರಿಗೆ, ಮರಗಸಿ ಮಾಡಿದವರಿಗೆ, ಮೂಟೆ ಹೊತ್ತವರಿಗೆ ಸೊಂಟನೋವು, ಮಂಡಿನೋವು ತಪ್ಪಿದ್ದಲ್ಲ. ಸಂಜೆ ಅಂಗಡಿಯಲ್ಲಿ ಕೇಳುವುದು ನೋವಿನ ಮಾತ್ರೆ. ಸಿಗುವುದು ಎಷ್ಟೋ ಸಲ ಡೈಕ್ಲೋಫೆನಾಕ್, ಅದೂ ಉರಿಯೂತ ತಗ್ಗಿಸುವ ಮದ್ದೇ. ಹೃದಯಾಘಾತವಾಗಿದ್ದ 83,677 ಜನರ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕಂಡುಕೊಂಡದ್ದು: ಇಂಥ ನೋವುನಿವಾರಕ ಶುರು ಮಾಡಿದ ಮೊದಲ ದಿನಗಳಲ್ಲೇ ಸಾವು, ಮರು ಆಘಾತದ ಅಪಾಯ ಏರುತ್ತದೆ, ಅದರಲ್ಲೂ ಡೈಕ್ಲೋಫೆನಾಕ್‌ನಿಂದ ಹೆಚ್ಚು. ಪ್ರಾಣಿಗಳಲ್ಲಿ ಇದೇ ಬಗೆಯ ಇಂಡೊಮೆಥಾಸಿನ್ ಕೊಟ್ಟಾಗ ಕಲೆ ತೆಳುವಾದದ್ದೂ ದಾಖಲಾಗಿದೆ. ವೈದ್ಯರು ಬರೆದ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆ, ಅದನ್ನು ಬಿಡುವಂತಿಲ್ಲ.

ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಮೂರು ಸಾಲು ಇರಬೇಕೆಂದು ಕೇಳುತ್ತೇನೆ: ನೋವಿಗೆ ಡೈಕ್ಲೋಫೆನಾಕ್ ಬೇಡ, ವೈದ್ಯರನ್ನು ಕೇಳಿ; ಸಮತಟ್ಟಿನಲ್ಲಿ ನಡೆಯಿರಿ, ಮೂಟೆ ಹೊರಬೇಡಿ; ಆರು ವಾರಕ್ಕೆ ಎಕೋ ಮಾಡಿಸಿ. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಡಿಸೆಂಬರ್ ಕೊನೆಗೆ ಆಘಾತವಾದವರ ಆರು ವಾರ ಮುಗಿಯುವುದು ಫೆಬ್ರವರಿಯಲ್ಲಿ, ತೋಟದಲ್ಲಿ ಆಳು ಸಾಲದೆ ಮನೆಮನೆಗೆ ಕರೆ ಬರುವ ದಿನಗಳಲ್ಲಿ. ಲೈನ್ ಮನೆಯಲ್ಲಿ ಆ ಚೀಟಿಯನ್ನು ಓದಿ ಹೇಳಲು ಆಶಾ ಕಾರ್ಯಕರ್ತೆ ಹೋಗಬೇಕಾದದ್ದೂ ಆಗಲೇ.